ಹಾಲಬಂಡಿಯ ನಾಲ್ಕು ಪ್ರಯಾಣಿಕರು

ಹಾಲಬಂಡಿಯಿಂದ ದಿನಾಲೂ ಊರಾಚೆ ದುಡಿಯಲು ಹೋಗಿಬರುವವರು ನಾಲ್ಕೇ ಮಂದಿಯಂತೆ! ಮುನ್ನೂರು ಮನೆಯ ಊರು, ಅದರೊಳಗೆ ನಾಲ್ಕು ಮಂದಿ. ಗೌತಮಿ ಅದನ್ನು ಓದಿ ಹೇಳಿದಾಗ ಪಂಪಾವತಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

"ಇನ್ನೊಮ್ಮೆ ಓದವ್ವಾ," ಎಂದಳು.

ಗೌತಮಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬಳ್ಳಾರಿಯಿಂದ ಕೊಳಗಲ್ಲು, ಕುರುಗೋಡು ಹಾದು ಸಿರುಗುಪ್ಪಕ್ಕೆ ದಿನಕ್ಕೆ ಹತ್ತಾರು ಸಲ ಓಡಾಡುವ ರೈಲು ಬರುತ್ತದೆ ಎಂದು ಎರಡು ವರ್ಷದಿಂದ ಸುದ್ದಿ. ಅದರ ವರದಿ ಅವಳ ಫೋನಿಗೆ ಬಂದಿತ್ತು. ಕಟ್ಟೆಯ ಮೇಲೆ ಕೂತು ಮತ್ತೆ ಓದಿದಳು. "ಹಾಲಬಂಡಿ. ದಿನದ ಪ್ರಯಾಣಿಕರು ನಾಲ್ಕು. ನಿಲ್ದಾಣದ ಅಗತ್ಯವಿಲ್ಲ."

"ಯಾರವ್ವಾ ಆ ನಾಲ್ಕು ಮಂದಿ ಪುಣ್ಯವಂತರು?"

"ನಾನೊಬ್ಬಾಕಿ, ದೊಡ್ಡಮ್ಮ. ಸಾಲಿ ಮಾಸ್ತರು, ಪೋಸ್ಟಿನಾಂವ, ಬ್ಯಾಂಕಿನ ಜವಾನ."

"ಮತ್ತ ನಾವು?"

ಗೌತಮಿ ಉತ್ತರ ಕೊಡುವ ಅಗತ್ಯವೇ ಬರಲಿಲ್ಲ, ತಾನು ಮಾಡಿದ್ದು ಪಂಪಾವತಿಗೆ ಆಗಲೇ ನೆನಪಾಗಿತ್ತು.

ಪಂಪಾವತಿ ನಾಟಿ ಮೇಸ್ತ್ರಿ. ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟರೆಂದರೆ ಅಲ್ಲಿನ ಗದ್ದೆಗಳಿಗೆ ಭತ್ತದ ಸಸಿ ನೆಡಲು ಹೆಂಗಸರನ್ನು ಕರೆದೊಯ್ಯುವವಳು ಅವಳೇ; ನಾಟಿ ಮುಗಿದರೆ ಕಳೆಗೆ, ಆಮೇಲೆ ಕೊಯ್ಲಿಗೆ. ನಾಲ್ಕು ಗೂಡ್ಸ್ ಟೆಂಪೊ ಗಾಡಿ, ಗಾಡಿಗೆ ಮೂವತ್ತು ಹೆಂಗಸರು. ಬಸ್ಸು ಹೆಂಗಸರಿಗೆ ಪುಕ್ಕಟೆ, ನಿಜ. ಆದರೆ ಮೊದಲ ಬಸ್ಸು ಹಾಲಬಂಡಿಗೆ ಬರುವುದು ಏಳೂವರೆಗೆ, ಅದೂ ತುಂಬಿದ್ದರೆ ನಿಲ್ಲುವುದಿಲ್ಲ. ಗದ್ದೆಯವನು ಆರಕ್ಕೆಲ್ಲ ಕೆಸರಿಗೆ ಇಳಿಯಬೇಕು ಎನ್ನುತ್ತಾನೆ. ಹಾಗಾಗಿ ಹೆಂಗಸರು ಸಿಮೆಂಟು ಚೀಲ ಹೇರುವ ಗಾಡಿಯಲ್ಲಿ ಒತ್ತಿಕೊಂಡು ನಿಂತು ಹೋಗುತ್ತಾರೆ. ಹತ್ತಿಸುವಾಗ ಪಂಪಾವತಿ ತಲೆ ಎಣಿಸುವುದಿಲ್ಲ. ಮನುಷ್ಯರ ತಲೆ ಎಣಿಸಿದರೆ ಒಂದು ತಲೆ ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ಬುತ್ತಿ ಗಂಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡಬೇಕು, ಅವಳು ಗಂಟು ಎಣಿಸುತ್ತಾಳೆ. ನೂರಿಪ್ಪತ್ತು ಗಂಟು ಆದ ಮೇಲೆಯೇ ಗಾಡಿ ಹೊರಡುವುದು.

ಇಷ್ಟು ಮಂದಿ ಇರುವ ಊರಿಗೆ ನಾಲ್ಕು ಎಂದು ಬರೆದದ್ದು ಯಾರು? ಬರೆದವನು ದುರ್ಗೇಶ್ ಎಂಬ ಸರ್ವೆ ಹುಡುಗ. ಬರೆಸಿದವಳು? ಇದೇ ಪಂಪಾವತಿ!

ಆದದ್ದು ಹೀಗೆ. ಆ ದುರ್ಗೇಶ್ ಊರಿಗೆ ಬಂದದ್ದು ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಹಾಲಬಂಡಿಯಲ್ಲಿ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ, ಹೆಂಗಸರು ನಾಟಿಗೆ ಹೋಗುವುದಿಲ್ಲ. ಎಲ್ಲರೂ ಮನೆಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಕೊರಳಿಗೆ ಕಾರ್ಡು, ಕೈಯಲ್ಲಿ ಟ್ಯಾಬು, ಕಾಲಿಗೆ ಬಿಳಿ ಬೂಟು ಹಾಕಿಕೊಂಡ ಹುಡುಗ ಬಂದು, "ಏನು ಕೆಲಸ ಮಾಡ್ತೀರಿ? ದಿನಾ ಎಲ್ಲಿಗೆ ಹೋಗ್ತೀರಿ? ಎಷ್ಟು ಸಿಗುತ್ತೆ?" ಎಂದು ಕೇಳಿದ. ಪಂಪಾವತಿಗೆ ಕೂಡಲೇ ವಾಸನೆ ಹತ್ತಿತು. ಇವನು ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವನು! ಹಿಂದಿನ ತಿಂಗಳೇ ಪಕ್ಕದ ಊರಲ್ಲಿ ದುಡಿಮೆ ಇದೆ ಎಂದವರ ಕಾರ್ಡು ರದ್ದಾಯಿತೆಂಬ ಗುಲ್ಲು ಎದ್ದಿತ್ತು. ಅವಳು ಹುಡುಗನ ಹಿಂದೆ ನಿಂತು ಎಲ್ಲರಿಗೂ ಕಣ್ಣು ಹೊಡೆದಳು. ಅಷ್ಟೇ ಸಾಕಾಯಿತು. ಓಣಿಯ ಈ ತುದಿಯಿಂದ ಆ ತುದಿಯವರೆಗೂ ಒಂದೇ ಮಾತು: "ಎಲ್ಲೀಗೂ ಹೋಗಂಗಿಲ್ಲಪ್ಪಾ, ಮನ್ಯಾಗ ಇರ್ತೀವಿ." ಹುಡುಗ ಪಾಪ, ಮಜ್ಜಿಗೆ ಕುಡಿದು ಹೋದ. ಅವನು ಹೋದ ಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಪಂಪಾವತಿ.

ಈಗ ನಗು ಎಲ್ಲಿಂದ ಬರಬೇಕು? ಮನೆಯಲ್ಲಿ ಜಡೆಮ್ಮ ಇದ್ದಳಲ್ಲ.

ಜಡೆಮ್ಮ ಅವಳ ಬೆನ್ನಿಗೆ ಬಿದ್ದ ತಂಗಿ. ನೂರಿಪ್ಪತ್ತು ಹೆಂಗಸರಲ್ಲಿ ಅವಳಷ್ಟು ಬೇಗ ಸಸಿ ನೆಡುವವರು ಇರಲಿಲ್ಲ. ಮೂರು ವರ್ಷದ ಹಿಂದೆ ಕಾಲುವೆಯ ತಿರುವಿನಲ್ಲಿ ಗಾಡಿ ಮಗುಚಿತು. ಉಳಿದವರಿಗೆ ತರಚುಗಾಯ, ಜಡೆಮ್ಮನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅಂದಿನಿಂದ ಅವಳು ಊರು ದಾಟಿಲ್ಲ. ಗೂಡ್ಸ್ ಗಾಡಿ ಹತ್ತಲಾರಳು. ಬಸ್ಸಿನ ಮೆಟ್ಟಿಲು ಎದೆಯ ಎತ್ತರ, ಹಿಂದಿನಿಂದ ಜನ ನೂಕುತ್ತಾರೆ, ಎರಡು ಸಲ ಬಿದ್ದು ಕೈಬಿಟ್ಟಳು. ಆದರೆ ಸುಮ್ಮನೆ ಕೂರುವ ಹೆಣ್ಣಲ್ಲ. ಪಕ್ಕದ ಮನೆಯ ಮಷೀನಿನ ಮೇಲೆ ಹೊಲಿಗೆ ಕಲಿತಳು. ಬಳ್ಳಾರಿಯ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನವರು ಆಳು ಹುಡುಕಿಕೊಂಡು ಊರಿಗೆ ಬಂದಾಗ ಅವಳ ಕೈಕೆಲಸ ನೋಡಿ, "ಒಂದ ಕಾಲು ಸಾಕಮ್ಮ, ಮಷೀನು ಕರೆಂಟಿಂದು. ದಿನಾ ಒಂಬತ್ತಕ್ಕ ಬಾ," ಎಂದಿದ್ದರು. ಒಂಬತ್ತಕ್ಕೆ ಹೋಗುವುದು ಹೇಗೆ? ಹೊಸ ರೈಲಿನ ಬಾಗಿಲು ಪ್ಲಾಟ್‌ಫಾರ್ಮಿನ ಸಮಕ್ಕೇ ಇರುತ್ತದೆ, ಮೆಟ್ಟಿಲೇ ಇಲ್ಲ ಎಂದು ಗೌತಮಿ ಹೇಳಿದ ದಿನದಿಂದ ಜಡೆಮ್ಮ ಬಗಲಿಗೆ ಕೋಲು ಇಟ್ಟುಕೊಂಡು ಅಂಗಳದಲ್ಲಿ ನಡೆಯುವುದನ್ನು ಹೆಚ್ಚು ಮಾಡಿದ್ದಳು.

ಆ ರಾತ್ರಿಯ ಊಟಕ್ಕೆ ಮೊದಲೇ ಪಂಪಾವತಿ ತಂಗಿಗೆ ಎಲ್ಲ ಹೇಳಿದಳು. ಜಡೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ಲಿ ಬಿಡಕ್ಕಾ. ಇದ್ದಲ್ಲೇ ಇರ್ತೀನಿ," ಎಂದಳು.

ಬೈದಿದ್ದರೆ ಪಂಪಾವತಿ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

ಮರುದಿನ ಕುರುಗೋಡಿನಲ್ಲಿ ರೈಲಿನ ಸಭೆ. ಗೋಡೆಗೆ ಎರಡು ನಕ್ಷೆ ಹಾಕಿದ್ದರು. ಒಂದು ಸರಕಾರದ್ದು, ಸರಕಾರವೇ ಹಳಿ ಹಾಕಿ ಸರಕಾರವೇ ರೈಲು ಓಡಿಸುವುದು. ಇನ್ನೊಂದು ಕಂಪನಿಯದ್ದು. ಜಾಗ ಸರಕಾರ ಕೊಡಬೇಕು, ಕಂಪನಿ ಕಟ್ಟಿ ನಲವತ್ತು ವರ್ಷ ಓಡಿಸಿ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳಬೇಕು. ಸರಕಾರದ ಕಡೆಯಿಂದ ರಾಮಪ್ಪ ಎಂಬ ಎಂಜಿನಿಯರು, ಕಂಪನಿಯ ಕಡೆಯಿಂದ ಶಶಿಕಾಂತ್ ಎಂಬ ಇಸ್ತ್ರಿ ಅಂಗಿಯ ಅಧಿಕಾರಿ. ಸಭೆಯಲ್ಲಿ ಅರ್ಧ ಮಂದಿ ಕಂಪನಿಯ ಕಡೆ. "ಸರಕಾರ ಕಟ್ಟೋತನಾ ಕುಂತ್ರ ನಮ್ಮ ಮೊಮ್ಮಕ್ಕಳಿಗೂ ಗಡ್ಡ ಬರ್ತೈತಿ," ಎಂದು ಬಟ್ಟೆ ಅಂಗಡಿಯವನೊಬ್ಬ ಎದ್ದು ಹೇಳಿದ. ಅದೂ ಸುಳ್ಳಲ್ಲ. ಹಾಲಬಂಡಿಯ ಕೆರೆಯ ದಂಡೆಯಲ್ಲಿ ಸರಕಾರ ರೈಲಿಗೆಂದು ನೆಟ್ಟ ಅಳತೆಯ ಕಲ್ಲು ಇದೆ. ಅದರ ಮೇಲೆ ಪಂಪಾವತಿಯ ಅತ್ತೆ ಬಟ್ಟೆ ಒಗೆದಳು, ಪಂಪಾವತಿಯೂ ಒಗೆದಳು, ರೈಲು ಬರಲಿಲ್ಲ. ಉಳಿದರ್ಧ ಮಂದಿ ಸರಕಾರದ ಕಡೆ. ಕಂಪನಿ ಬಂದರೆ ಟಿಕೆಟ್ಟಿನ ದರ ಕೈಗೆ ಎಟುಕುವುದಿಲ್ಲ, ಸಣ್ಣ ಊರಿಗೆ ರೈಲು ನಿಲ್ಲುವುದಿಲ್ಲ ಎಂಬುದು ಅವರ ವಾದ. ಗಂಟಲು ಹರಿಯುವಂತೆ ಜಗಳ ನಡೆಯಿತು.

ಪಂಪಾವತಿ ಎದ್ದು ನಿಂತಳು. "ಹಾಲಬಂಡಿಗೆ ಯಾರ ರೈಲು ನಿಲ್ತೈತ್ರಿ?"

ಶಶಿಕಾಂತ್ ನಯವಾಗಿಯೇ ಹೇಳಿದ. "ಅಮ್ಮಾ, ಜನ ಎಲ್ಲಿ ಹತ್ತುತ್ತಾರೋ ಅಲ್ಲಿ ನಿಲ್ದಾಣ. ನಾಲ್ಕು ಜನರಿಗಾಗಿ ರೈಲು ನಿಲ್ಲಿಸಿದರೆ ಕಂಪನಿ ಬಾಗಿಲು ಹಾಕಬೇಕಾಗುತ್ತೆ."

ಅವಳು ರಾಮಪ್ಪನವರ ಕಡೆ ತಿರುಗಿದಳು. "ನೀವರ ನಿಲ್ಲಸ್ತೀರೋ ಇಲ್ಲೋ, ಸಾಹೇಬ್ರ?"

ರಾಮಪ್ಪ ಕನ್ನಡಕ ಸರಿಮಾಡಿಕೊಂಡರು. "ಮೊದ್ಲು ನಮ್ಮ ಪಟ್ಟಿಯಾಗ ಹಾಲಬಂಡಿ ಇತ್ತವ್ವಾ. ಆದ್ರ ನಾವು ಬ್ಯಾರೆ ಎಣಿಕಿ ಮಾಡ್ಸಿಲ್ಲ. ಅದಕ್ಕ ರೊಕ್ಕದ ಮಂಜೂರಾತಿ ಸಿಗಲಿಲ್ಲ. ಈ ಕಂಪನಿಯವರ ಎಣಿಕಿನ ನಾವೂ ತಗೊಂಡ್ವಿ."

ನೋಡಿ, ಹೇಗಿದೆ! ಇಷ್ಟು ಹೊತ್ತು ಸರಕಾರ ಬೇಕು, ಕಂಪನಿ ಬೇಕು ಎಂದು ಹೊಡೆದಾಡಿದರಲ್ಲ, ಎರಡೂ ನಕ್ಷೆಯಲ್ಲಿ ಹಾಲಬಂಡಿಯನ್ನು ಒರೆಸಿದ್ದು ಒಂದೇ ಹಾಳೆ. ಪಂಪಾವತಿಗೆ ತನ್ನ ತಪ್ಪಿನ ನಾಚಿಕೆಯೂ ಇತ್ತು, ಅದರ ಮೇಲೆ ಸಿಟ್ಟೂ ಏರಿತು. ಸಿಟ್ಟೇ ಮುಂದೆ ಬಂತು.

"ಆ ಎಣಿಕಿ ಸುಳ್ಳು ಐತ್ರಿ. ಸುಳ್ಳು ಹೇಳ್ಸಿದಾಕಿ ನಾನ. ರೇಷನ್ ಕಾರ್ಡು ಹೋಗ್ತೈತಂತ ಅಂಜಿ ಎಲ್ರಿಗೂ ಮನ್ಯಾಗ ಅದೀವಿ ಅಂತ ಹೇಳಾಕ ಹಚ್ಚಿದ್ದೆ. ನೂರಾ ಇಪ್ಪತ್ತು ಹೆಣ್ಮಕ್ಳು ದಿನಾ ಸಿರುಗುಪ್ಪಕ್ಕ ನಾಟಿಗೆ ಹೋಗ್ತೀವಿ. ತಪ್ಪು ನಂದು. ಇನ್ನೊಮ್ಮೆ ಎಣಿಸ್ರಿ."

ಸಭೆಯಲ್ಲಿ ನಗು ಎದ್ದಿತು. ಶಶಿಕಾಂತ್ ನಗಲಿಲ್ಲ, ಆದರೆ ಆಗದು ಎಂಬಂತೆ ತಲೆ ಆಡಿಸಿದ. "ನೀವೇ ಕೊಟ್ಟ ಮಾಹಿತಿ ಅಮ್ಮಾ. ಈಗ ವರದಿ ಹೋಗಿಬಿಟ್ಟಿದೆ. ಎಲ್ಲರೂ ಹೀಗೆ ಆಮೇಲೆ ಬಂದು ಹೇಳಿದರೆ ಹೇಗೆ ನಂಬೋದು?"

"ನಾಲ್ಕು ಮಂದಿ ಸಲುವಾಗಿ ನಮ್ಮ ರೈಲು ತಡಾ ಮಾಡಬ್ಯಾಡವ್ವಾ, ಕುಂದ್ರು!" ಎಂದು ಬಟ್ಟೆ ಅಂಗಡಿಯವನು ಕೂಗಿದ.

ಪಂಪಾವತಿ ಕೂರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆತು ಬಿಡ್ರಿ. ನಿಮ್ಮ ಪುಸ್ತಕದಾಗ ಬರದಿದ್ದ ಖರೆ ಆಗ್ಲಿ. ನಾಳಿಂದ ಹಾಲಬಂಡಿಯಿಂದ ನಾಲ್ಕ ಮಂದಿ ಹೋಗ್ತಾರ. ಐದನೇದಾಕಿ ಕಾಲು ಹೊರಗ ಇಟ್ರ ನನ್ನ ಹೆಸರು ಪಂಪಾವತಿ ಅಲ್ಲ."

ಹೇಳುವುದು ಸುಲಭ. ಊರಿಗೆ ಬಂದು ಹೆಂಗಸರನ್ನು ಕಟ್ಟೆಗೆ ಕರೆದಾಗ ಈರಮ್ಮ ಮೈಮೇಲೆಯೇ ಏರಿಬಂದಳು. ಈರಮ್ಮ ಬಾಯಿ ಬಿಟ್ಟರೆ ಓಣಿ ನಡುಗಬೇಕು.

"ಅಂದು ಸುಳ್ಳು ಹೇಳ್ರಿ ಅಂದಿ, ಹೇಳಿದ್ವಿ. ಇಂದು ಕೂಲಿ ಬಿಡ್ರಿ ಅಂತಿ. ನಾಳೆ ಖರೆ ಹೇಳ್ರಿ ಅಂತಿ, ರೇಷನ್ ಕಾರ್ಡು ಹೋಗ್ತೈತಿ. ನಿನ್ನ ತಂಗಿ ಸಲುವಾಗಿ ನಮ್ಮ ಹೊಟ್ಟಿಗೆ ತಣ್ಣೀರ ಬಟ್ಟಿ ಏನ?"

"ಅಕ್ಕಾ, ನನ್ನ ಸಲುವಾಗಿ ಬ್ಯಾಡ," ಎಂದು ಜಡೆಮ್ಮ ಬಾಗಿಲಿನಿಂದಲೇ ಕೂಗಿ ಹೇಳಿದಳು.

"ನೀ ಸುಮ್ನಿರಲೇ," ಎಂದಳು ಪಂಪಾವತಿ. ಆಮೇಲೆ ಈರಮ್ಮನ ಕಡೆ ತಿರುಗಿದಳು. "ಹೌದವಾ, ನನ್ನ ತಂಗಿ ಸಲುವಾಗಿನ. ಇಲ್ಲ ಅನ್ನಂಗಿಲ್ಲ. ಆದ್ರ ಆ ದಿನ ಗಾಡ್ಯಾಗ ಜಡೆಮ್ಮನ ಪಕ್ಕ ನಿಂತಾಕಿ ಯಾರು? ನೀನ. ಗಾಡಿ ಈ ಕಡಿ ಬಿತ್ತು, ಅಕಿ ಕಾಲು ಹೋತು. ಆ ಕಡಿ ಬಿದ್ದಿದ್ರ? ಮತ್ತ ನಾಳೆ ಅದ ಗಾಡಿ ಹತ್ತಬೇಕು, ನಾಡದ್ದು ಹತ್ತಬೇಕು, ನಿನ್ನ ಸೊಸಿನೂ ಹತ್ತಬೇಕು. ನಾವು ಬದುಕಿದ್ದನ್ನ ಮುಚ್ಚಿಟ್ಟು ಎಷ್ಟು ದಿನ ಉಳಿತೀವಿ?"

ಈರಮ್ಮನ ಸೊಸೆ ಪಕ್ಕದಲ್ಲೇ ನಿಂತಿದ್ದಳು, ಬಸುರಿ. ಈರಮ್ಮ ಅವಳ ಕಡೆ ಒಮ್ಮೆ ನೋಡಿ, ಎಲೆಯಡಿಕೆ ಉಗುಳಿ, "ನಾಕು ದಿನ. ಐದನೇ ದಿನ ನಾ ಹೋಗಾಕಿನ," ಎಂದಳು. ಈರಮ್ಮ ಒಪ್ಪಿದ ಮೇಲೆ ಓಣಿಯಲ್ಲಿ ಒಪ್ಪದವರು ಉಳಿಯಲಿಲ್ಲ.

ಮೊದಲ ದಿನ ನಾಲ್ಕು ಗಾಡಿಯೂ ಬಂದು ಹಾರನ್ ಹೊಡೆದು ಹೊಡೆದು ಖಾಲಿ ಹೋದವು. ಒಂಬತ್ತು ಗಂಟೆಗೆ ಸಿರುಗುಪ್ಪದಿಂದ ಚನ್ನಬಸವರಾಜ ಗೌಡರ ಫೋನು ಬಂತು. ಇಪ್ಪತ್ತೆಕರೆ ಗದ್ದೆ, ಒಂದು ಅಕ್ಕಿ ಗಿರಣಿ ಇರುವ ಆಸಾಮಿ. ಸಸಿ ಕಿತ್ತು, ಕಟ್ಟು ಕಟ್ಟಿ ಕೆಸರಿನಲ್ಲಿ ಇಟ್ಟು ಕಾಯುತ್ತಿದ್ದರು. ಕಿತ್ತ ಸಸಿಯನ್ನು ಒಂದೆರಡು ದಿನದೊಳಗೆ ನೆಡದಿದ್ದರೆ ಬೇರು ಕೊಳೆಯುತ್ತದೆ.

"ಎಲ್ಲಿ ಸತ್ರಿ ಎಲ್ರೂ?"

"ನಮ್ಮೂರಾಗ ಹೊರಗ ಹೋಗೋರು ನಾಲ್ಕ ಮಂದಿ ಅದಾರಂತ್ರಿ ಗೌಡ್ರ. ಒಬ್ಬಾಕಿ ನರ್ಸು, ಒಬ್ಬಾಂವ ಮಾಸ್ತರು. ಕಳ್ಸಲ್ಯಾ? ಮಾಸ್ತರಿಗೆ ಸಸಿ ಹಚ್ಚಾಕ ಬರ್ತೈತೋ ಇಲ್ಲೋ ಗೊತ್ತಿಲ್ಲ."

ಗೌಡರು ಬೈದು ಫೋನಿಟ್ಟರು. ಮಧ್ಯಾಹ್ನ ಮತ್ತೆ ಫೋನು ಮಾಡಿ ಕೂಲಿಗೆ ಐವತ್ತು ಹೆಚ್ಚು ಎಂದರು. ಎರಡನೆಯ ದಿನ ನೂರು ಎಂದರು. ಆ ನೂರು ಕೇಳಿ ಓಣಿಯಲ್ಲಿ ಕೆಲವರ ಮನಸ್ಸು ಹೊಯ್ದಾಡಿತು, ಪಂಪಾವತಿಯದೂ ಹೊಯ್ದಾಡಿತು, ಸುಳ್ಳೇಕೆ ಹೇಳಲಿ? ಆದರೆ ಯಾರ ಬುತ್ತಿಯ ಗಂಟೂ ಕಟ್ಟೆಗೆ ಬರಲಿಲ್ಲ.

ಮೂರನೆಯ ದಿನ ಗೌಡರು ಜೀಪು ತೆಗೆದುಕೊಂಡು ತಾವೇ ಬಂದಿಳಿದರು. ಮುಖ ಕೆಂಡ. "ಅಕ್ಕಪಕ್ಕ ಊರಾಗ ಒಂದು ಆಳು ಸಿಗವಲ್ದು. ಎಲ್ರ ಸಸಿನೂ ಕೊಳ್ಯಾಕತ್ತಾವ. ನಿಂದೇನ ಹಟಾ?"

ಪಂಪಾವತಿ ಅವರಿಗೆ ನೀರು ಕೊಟ್ಟು, ಗೌತಮಿಯಿಂದ ವರದಿಯ ಆ ಸಾಲನ್ನು ಓದಿಸಿದಳು. ಗೌಡರು ಅದನ್ನು ಕೇಳಿ ಕಣ್ಣು ಕಿರಿದು ಮಾಡಿದರು. ಗಿರಣಿಯವರ ಸಂಘದ ಪರವಾಗಿ ಕಂಪನಿಯ ರೈಲೇ ಬೇಕೆಂದು ಅರ್ಜಿಗೆ ಮೊದಲ ಸಹಿ ಹಾಕಿದವರು ಅವರೇ. ಅಲ್ಲೇ ನಿಂತು ಶಶಿಕಾಂತನಿಗೆ ಫೋನು ಹಚ್ಚಿದರು.

"ಏನ್ರೀ ಶಶಿಕಾಂತ್, ಹಾಲಬಂಡಿಯಾಗ ನಾಲ್ಕ ಮಂದಿ ಅಂತ ಬರದೀರಂತಲ್ಲ? ಮತ್ತ ನನ್ನ ಇಪ್ಪತ್ತೆಕರೆಗೆ ವರ್ಷಾ ಸಸಿ ಹಚ್ಚೋರು ಯಾರು, ನಿಮ್ಮ ಕಂಪ್ಯೂಟರಾ? ನಾಳೆ ಮುಂಜಾನಿ ನೀವ ಬಂದು ಎಣಿಸಬೇಕು. ಇಲ್ಲಂದ್ರ ಆ ಅರ್ಜಿ ಮ್ಯಾಗಿನ ನನ್ನ ಸಹಿ ವಾಪಸ್ ತಗೋತೀನಿ."

ಫೋನಿಟ್ಟು, "ಆತಲ್ಲ? ಇವತ್ತ ಗಾಡಿ ಹತ್ತಸು," ಎಂದರು.

"ನಾಳೆ ಅವ್ರು ಎಣಿಸಿದ ಮ್ಯಾಗ ಹತ್ತಸ್ತೀನ್ರಿ. ಮತ್ತ ಕಂಪನ್ಯಾಂವ ಒಬ್ನ ಬಂದ್ರ ಆಗಂಗಿಲ್ಲ. ಆ ಸರಕಾರದ ರಾಮಪ್ಪ ಸಾಹೇಬ್ರೂ ಬರಬೇಕು, ಸಹಿ ಅವ್ರ ಹಾಕಬೇಕು."

"ಅದ್ಯಾಕ? ಕಟ್ಟೋರು ಕಂಪನಿಯವ್ರು."

"ಕಟ್ಟೋರು ಯಾರರ ಕಟ್ಲಿ ಗೌಡ್ರ. ರೈಲು ಓಡ್ಸೋರು ಯಾರರ ಓಡ್ಸಲಿ. ನಾವು ಅದೀವಿ ಅಂತ ಬರಕೊಳ್ಳೋದು ಮಾತ್ರ ಸರಕಾರದ ಕೆಲಸ. ಅದನ್ನೂ ಗುತ್ತಿಗಿ ಕೊಟ್ರ ಮತ್ತ ಅವ್ರಿಗೆ ಕೆಲಸ ಏನು?"

ಗೌಡರು ಏನೋ ಗೊಣಗುತ್ತ ಜೀಪು ಹತ್ತಿದರು.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಶಶಿಕಾಂತ್ ಬಂದ, ರಾಮಪ್ಪ ಬಂದರು, ಹಾಳೆಯ ಕಟ್ಟು ಹಿಡಿದು ದುರ್ಗೇಶನೂ ಬಂದ. ಹುಡುಗ ಪಂಪಾವತಿಯ ಮುಖ ನೋಡಿ ತಲೆ ತಗ್ಗಿಸಿದ. "ಮಜ್ಜಿಗಿ ಬೇಕೇನಪ್ಪಾ?" ಎಂದಳು ಅವಳು. ಅವನಿಗೂ ನಗು ಬಂತು.

ನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಬುತ್ತಿಯ ಗಂಟುಗಳು ಕಟ್ಟೆಯ ತುಂಬ, ಕಟ್ಟೆಯ ಪಕ್ಕ ಬರೆದುಕೊಳ್ಳಲು ಒಂದು ಮೇಜು, ಕುರ್ಚಿ. ಮೊದಲ ಹೆಸರು ಬರೆಸಲು ಯಾರೂ ಮುಂದೆ ಬರಲಿಲ್ಲ. ರೇಷನ್ ಕಾರ್ಡಿನ ಭಯ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಪಂಪಾವತಿಯೇ ಹೋಗಬೇಕೆಂದು ಹೆಜ್ಜೆ ಎತ್ತಿದಳು, ಅಷ್ಟರಲ್ಲಿ ಈರಮ್ಮ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಮುಂದೆ ಹೋದಳು.

"ಬರಕೋ. ಈರಮ್ಮ. ಕೆಲಸ ನಾಟಿ. ಮೂವತ್ತು ವರ್ಷ ಆತು, ದಿನಾ ಹೋಗ್ತೀನಿ. ಮನ್ಯಾಗ ಇರೋ ಹೆಣ್ಮಗಳಲ್ಲ ನಾನು. ಕಾರ್ಡು ಕಿತ್ಕೊಳ್ಳೋರು ಇದ್ರ ಬರ್ಲಿ, ನೋಡೇಬಿಡ್ತೀನಿ!"

ಆಮೇಲೆ ತಡೆ ಇರಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಂದು ಹೆಸರು ಹೇಳಿದರು. ಶಶಿಕಾಂತ್ ಗಾಡಿಯೊಳಗೆ ಇಣುಕಿ, "ಇಷ್ಟರಲ್ಲಿ ಮೂವತ್ತು ಜನ ನಿಲ್ತೀರಾ?" ಎಂದು ಮೆಲ್ಲಗೆ ಕೇಳಿದ. ಹೆಂಗಸರು ಹೆಸರು ಬರೆಸುತ್ತಲೇ ಇದ್ದರು. ಕೊನೆಗೆ ದುರ್ಗೇಶ್ ಲೆಕ್ಕ ಹೇಳಿದ, ನೂರಿಪ್ಪತ್ತು.

ಪಂಪಾವತಿ ತನ್ನ ರೂಢಿಯಂತೆ ಕಟ್ಟೆಯ ಮೇಲಿನ ಗಂಟು ಎಣಿಸಿದಳು. ನೂರಿಪ್ಪತ್ತೊಂದು. ಮತ್ತೆ ಎಣಿಸಿದಳು. ಕೊನೆಯಲ್ಲಿ ಹಸಿರು ಚೌಕದ ಬಟ್ಟೆಯ ಗಂಟೊಂದಿತ್ತು. ಆ ಬಟ್ಟೆ ತನ್ನ ಮನೆಯದು, ಮೂರು ವರ್ಷದಿಂದ ಗೂಟಕ್ಕೆ ನೇತಾಡುತ್ತಿದ್ದದ್ದು.

ಜನ ಪಕ್ಕಕ್ಕೆ ಸರಿದರು. ಜಡೆಮ್ಮ ಕೋಲೂರಿಕೊಂಡು ಬಂದು ಮೇಜಿನ ಮುಂದೆ ನಿಂತಳು. ಹೊಸ ಕುಪ್ಪಸ ತೊಟ್ಟಿದ್ದಳು, ಅದೂ ಅವಳೇ ಹೊಲಿದದ್ದು.

"ಜಡೆಮ್ಮ. ಬರಕೋಪ್ಪಾ."

ದುರ್ಗೇಶ್ ಬರೆದುಕೊಂಡು, ಅವಳ ಕಾಲಿನ ಕಡೆ ನೋಡದಂತೆ ಕೇಳಿದ. "ದಿನಾ ಎಲ್ಲಿಗೆ ಹೋಗ್ತೀರಿ ಅಕ್ಕಾ?"

"ಎಲ್ಲೀಗೂ ಹೋಗಂಗಿಲ್ಲ."

ಅದೇ ಮಾತು, ಅಮಾವಾಸ್ಯೆಯ ದಿನದ್ದೇ ಮಾತು! ಆದರೆ ಜಡೆಮ್ಮ ಮುಗಿಸಿರಲಿಲ್ಲ.

"ರೈಲು ಇಲ್ಲಿ ನಿಂತ್ರ ಬಳ್ಳಾರಿಗೆ ಹೋಗ್ತೀನಿ. ದಿನಾ ಒಂಬತ್ತಕ್ಕ. ಪ್ಯಾಂಟು ಹೊಲ್ಯಾಕ. ಅದನ್ನ ಬರಕೋ."

ದುರ್ಗೇಶ್ ಹಾಳೆ ತಿರುವಿದ, ಮತ್ತೆ ತಿರುವಿದ. "ಈಗ ಹೋಗೋರಿಗೆ ಮಾತ್ರ ಕಾಲಂ ಐತಿ ಅಕ್ಕಾ. ಮುಂದ ಹೋಗೋರಿಗೆ ಕಾಲಂ ಇಲ್ಲ."

"ಪೆನ್ನು ಐತಲ್ಲ? ಗೆರಿ ಹೊಡಿ."

ಹುಡುಗ ಶಶಿಕಾಂತನ ಮುಖ ನೋಡಿದ. ಶಶಿಕಾಂತ್ ಬೇರೆ ಕಡೆ ನೋಡಿದ. ರಾಮಪ್ಪ ಕುರ್ಚಿ ಎಳೆದು ಕೂತು, ದುರ್ಗೇಶನ ಕೈಯಿಂದ ಪೆನ್ನು ತೆಗೆದುಕೊಂಡು, ಹಾಳೆಯ ಬಲಗಡೆ ಮೇಲಿನಿಂದ ಕೆಳತನಕ ಒಂದು ಗೆರೆ ಎಳೆದರು.

"ಮ್ಯಾಲ ಏನಂತ ಬರೀಲವ್ವಾ?"

"ರೈಲು ನಿಂತ್ರ ಹೋಗೋರು ಅಂತ ಬರೀರಿ," ಎಂದಳು ಜಡೆಮ್ಮ. ಹಿಂದೆ ಈರಮ್ಮನ ಬಸುರಿ ಸೊಸೆ ಆಗಲೇ ಬಂದು ನಿಂತಿದ್ದಳು. ಅವಳ ಹಿಂದೆ ಕಣ್ಣು ಮಂಜಾದ ವಿರೂಪಮ್ಮ, ಅವಳ ಹಿಂದೆ ಓಣಿಯ ಬಾಗಿಲುಗಳಿಂದ ಒಬ್ಬೊಬ್ಬರೇ. "ಕೆಳಗ ಜಾಗಾ ಬಿಡ್ರಿ ಸಾಹೇಬ್ರ. ಬಾಳ ಮಂದಿ ಅದೀವಿ."